ಅಮ್ಮ ನಂಬದ ನಿರೂಪಕ

"ಆ ಕಳ್ಳ ಇಲ್ಲಿಗೂ ಬಂದನಾ?" ಎಂದಳು ಅಮ್ಮ.

ಅವಳು ವಿಸಿಟ್ ವೀಸಾದಲ್ಲಿ ದುಬೈಗೆ, ಕರಾಮದ ನಮ್ಮ ಮನೆಗೆ ಬಂದು ಆಗಿನ್ನೂ ಎರಡು ವಾರವಾಗಿತ್ತು. ನಾನು ವಾಟ್ಸಾಪಿನಲ್ಲಿ ಬಂದ ಆಮಂತ್ರಣವನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಮುಂದಿನ ಶುಕ್ರವಾರ ಕನ್ನಡ ಕುಟುಂಬಗಳ ಕೂಟ, ಹೋಟೆಲಿನ ಮೇಲಿನ ಹಾಲ್‌ನಲ್ಲಿ ಊಟ, ಊಟವಾದ ಮೇಲೆ ಆಟಗಳು. ಆಟ ನಡೆಸಿಕೊಡಲು ಬರುವವರ ಫೋಟೊ ಕೆಳಗಿತ್ತು. ಒಂದು ಕಾಲದಲ್ಲಿ ನಮ್ಮ ಊರುಗಳ ಎಲ್ಲ ಹೆಂಗಸರಿಗೂ ಗೊತ್ತಿದ್ದ ಮುಖ ಅದು.

ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಉಡುಪಿಯ ಹತ್ತಿರದ ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಊಟದ ಪಾತ್ರೆ ತೊಳೆಯುವ ಸದ್ದು ಒಮ್ಮೆಗೇ ನಿಲ್ಲುತ್ತಿತ್ತು. ಟಿವಿಯಲ್ಲಿ ಅವರ ಕಾರ್ಯಕ್ರಮ ಶುರುವಾಗುವ ಹೊತ್ತು. ಮನೆಯಲ್ಲಿರುವ ಹೆಂಗಸರಿಗಾಗಿಯೇ ಮಾಡಿದ ಆಟ. ಪ್ರಶ್ನೆಗಳು ಕಷ್ಟದವಲ್ಲ, ಬಹುಮಾನಗಳು ಸಣ್ಣವಲ್ಲ. ಗೆದ್ದವಳಿಗೆ ಒಂದು ದಿನ ವಾಷಿಂಗ್ ಮೆಷಿನ್, ಇನ್ನೊಂದು ದಿನ ಫ್ರಿಜ್. ಆದರೆ ನಾವು ನೋಡುತ್ತಿದ್ದದ್ದು ನಿರೂಪಕರನ್ನು. ಎತ್ತರದ ಆಳು, ದಟ್ಟ ಕೂದಲು, ಮೈಸೂರು ಕಡೆಯ ಮೆತ್ತಗಿನ ಕನ್ನಡ. ಉತ್ತರ ಹೊಳೆಯದೆ ಹೆಂಗಸೊಬ್ಬಳು ಸೆರಗಿನ ತುದಿ ತಿರುಚತೊಡಗಿದರೆ, "ಅವಸರ ಯಾಕಮ್ಮಾ, ಊಟ ಆಗಿದೆಯಲ್ಲ?" ಎನ್ನುತ್ತಿದ್ದರು. ಅಷ್ಟಕ್ಕೇ ಅವಳ ಮುಖ ಸಡಿಲಾಗುತ್ತಿತ್ತು. ನಮ್ಮ ಬೀದಿಯಲ್ಲಿ ಯಾವ ಗಂಡಸೂ ಹೆಂಗಸರೊಡನೆ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಅವರ ಮೇಲೆ ಸ್ವಲ್ಪ ಮನಸ್ಸಾಗಿತ್ತು ಎಂದರೂ ತಪ್ಪಲ್ಲ.

ಅಮ್ಮನಿಗೂ ಅವರೆಂದರೆ ಪ್ರಾಣವಿತ್ತು. ಹಾಗೆಂದೇ ಕಾರ್ಡು ಬರೆದು ಹಾಕಿದಳು, ಕರೆಯೂ ಬಂತು. ಅಪ್ಪನ ಜೊತೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದಳು. ವಾಪಸು ಬಂದದ್ದು ಒಂದು ಪ್ರೆಶರ್ ಕುಕ್ಕರ್ ಹಿಡಿದುಕೊಂಡು. ಅದು ಸೋತವರಿಗೆ ಕೊಡುವ ಸಮಾಧಾನದ ಬಹುಮಾನ. ಏನಾಯಿತೆಂದು ಯಾರು ಕೇಳಿದರೂ, "ಟಿವಿಯಲ್ಲಿ ಬರ್ತದಲ್ಲ, ಆಗ ನೀವೇ ನೋಡಿ" ಎಂದಳು.

ಅದು ಟಿವಿಯಲ್ಲಿ ಬಂದ ದಿನ ನಮ್ಮ ಜಗಲಿಯಿಂದ ಒಳಮನೆಯವರೆಗೆ ಜನ. ಕೊನೆಯ ಸುತ್ತು. ಅಮ್ಮನ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಮುಂದೆ ಒಂದು ಬುಟ್ಟಿ. ಕೈಗೆ ಸಿಕ್ಕಿದ್ದನ್ನು ಮುಟ್ಟಿ, ಮೂಸಿ, ಹೆಸರು ಹೇಳಬೇಕು. ಶುಂಠಿ ಎಂದಳು, ಸರಿ. ಮೆಂತೆ ಎಂದಳು, ಸರಿ. ಆಮೇಲೆ ಒಂದು ಕಟ್ಟು ಸೊಪ್ಪು ಕೈಗೆ ಬಂತು. ಅವಳು ಅದರ ದಪ್ಪ ಕಾಂಡವನ್ನು ಮುರಿದು ಮೂಗಿಗೆ ಹಿಡಿಯುವುದರೊಳಗೆ ನಮ್ಮ ಮನೆಯಲ್ಲಿದ್ದವರೆಲ್ಲ "ಹರಿವೆ! ಹರಿವೆ!" ಎಂದು ಕೂಗಿದ್ದರು. ಟಿವಿಯೊಳಗಿನ ಅಮ್ಮನೂ ನಗುತ್ತಾ ಹೇಳಿದಳು, "ಹರಿವೆ."

"ಅಯ್ಯೋ, ತಪ್ಪಾಯ್ತಲ್ಲಮ್ಮಾ" ಎಂದರು ನಿರೂಪಕರು. ಗಂಟೆ ಹೊಡೆಯಿತು. ಪಕ್ಕದಲ್ಲಿದ್ದ ಬೆಂಗಳೂರಿನ ಹೆಂಗಸಿಗೆ ಫ್ರಿಜ್ ಹೋಯಿತು. ಅಮ್ಮ ಕುಕ್ಕರ್ ಹಿಡಿದು ನಗುತ್ತಾ ಕೈಮುಗಿದಳು, ಅಲ್ಲಿಗೆ ಕಾರ್ಯಕ್ರಮ ಮುಗಿಯಿತು.

ನಮ್ಮ ಮನೆಯಲ್ಲಿ ಕೂತಿದ್ದವರೆಲ್ಲ ಅಮ್ಮನ ಕಡೆ ತಿರುಗಿದರು. ಅಮ್ಮನೇ ಎದ್ದು ನಿಂತು ಟಿವಿಯನ್ನು ತೋರಿಸಿದಳು. "ನಾನು ಹೀಗೆ ಸುಮ್ಮನೆ ಬಂದದ್ದಲ್ಲ. ಕಣ್ಣಿನ ಬಟ್ಟೆ ತೆಗೆದ ಕೂಡಲೇ ಹೇಳಿದ್ದೇನೆ, ಇದು ಹರಿವೆಯೇ, ಬೇಕಾದ್ರೆ ಯಾರನ್ನಾದ್ರೂ ಕೇಳಿ ಅಂತ. ಎಷ್ಟು ಹೊತ್ತು ಹೇಳಿದ್ದೇನೆ! ಅದನ್ನೆಲ್ಲ ಕತ್ತರಿಸಿದ್ದಾರೆ. ಮೋಸ ಅಲ್ಲದಿದ್ರೆ ಯಾಕೆ ಕತ್ತರಿಸ್ಬೇಕು?"

ಅವಳಿಗೆ ಇನ್ನೊಂದು ಸಂಗತಿಯೂ ನೆನಪಿತ್ತು. ಆಟಕ್ಕೆ ಮೊದಲು ಮೇಕಪ್ ಕೋಣೆಯಲ್ಲಿ ನಿರೂಪಕರು ಆ ಬೆಂಗಳೂರಿನ ಹೆಂಗಸಿನ ಕುರ್ಚಿಯ ಹತ್ತಿರ ಬಗ್ಗಿ ಏನೋ ಮಾತಾಡುತ್ತಿದ್ದರು. ಇಬ್ಬರೂ ನಕ್ಕಿದ್ದರು.

ಆ ದಿನದಿಂದ ಅಮ್ಮ ಕಾರ್ಯಕ್ರಮ ನೋಡುವುದನ್ನು ಬಿಟ್ಟಳು ಎಂದುಕೊಂಡರೆ ತಪ್ಪು. ಒಂದು ದಿನವೂ ಬಿಡಲಿಲ್ಲ. ಆದರೆ ನೋಡುವ ಬಗೆ ಬದಲಾಯಿತು. ಟಿವಿಯ ಹತ್ತಿರ ಮಣೆ ಎಳೆದುಕೊಂಡು, ಕಳ್ಳನನ್ನು ಹಿಡಿಯಲು ಕೂತವಳ ಹಾಗೆ ಕೂರುತ್ತಿದ್ದಳು. "ನೋಡು, ಅವಳಿಗೆ ಕಣ್ಣಲ್ಲೇ ಹೇಳಿಕೊಟ್ಟ." "ನೋಡು, ಇವಳಿಗೆ ಸುಲಭದ ಪ್ರಶ್ನೆ, ಅವಳಿಗೆ ಕಷ್ಟದ್ದು." ನನಗೆ ಸಿಟ್ಟು ಬರುತ್ತಿತ್ತು. ನನ್ನ ಪ್ರೀತಿಯ ಮಧ್ಯಾಹ್ನಗಳನ್ನೆಲ್ಲ ಅವಳು ಪೊಲೀಸ್ ಠಾಣೆ ಮಾಡಿಬಿಟ್ಟಿದ್ದಳು. ಒಂದು ದಿನ ಆ ಕಾರ್ಯಕ್ರಮವೇ ನಿಂತುಹೋಯಿತು. ಅದರ ಜಾಗದಲ್ಲಿ ಧಾರಾವಾಹಿ ಬಂತು. ನಿರೂಪಕರು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಾಗಲಿಲ್ಲ. ನನ್ನ ಮದುವೆಯಾಯಿತು, ನಾನು ದುಬೈಗೆ ಬಂದೆ.

ಈಗ ಅವರು ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಹಾಲ್‌ಗೆ ಬರುತ್ತಾರಂತೆ.

"ಅಷ್ಟು ದೊಡ್ಡ ಮನುಷ್ಯ ಇಲ್ಲಿ ಯಾಕೆ ಬಂದು ಆಟ ಆಡಿಸ್ತಾನೆ?" ಅಮ್ಮ ಕೇಳಿದಳು. "ಅಲ್ಲಿ ಎಂತದೋ ಮಾಡಿಕೊಂಡು ಬಂದಿರ್ಬೇಕು."

"ಅಬುಧಾಬಿಯಲ್ಲಿ ಮಗಳ ಮನೆಗೆ ಬಂದಿದ್ದಾರಂತೆ ಅಮ್ಮಾ. ನೀನು ಬರ್ಲಿಲ್ವಾ, ಹಾಗೆ."

"ನಾನು ಬಂದದ್ದು ಬೇರೆ."

ನನ್ನ ಗಂಡ ಊಟದ ತಟ್ಟೆಯಿಂದ ತಲೆಯೆತ್ತಿ, "ಇಲ್ಲಿ ರಿಟೈರ್ ಆದವರೆಲ್ಲ ಬಂದು ಎಂತ ಮಾಡ್ತಾರೆ ಗೊತ್ತುಂಟಲ್ಲ?" ಎಂದರು. "ಒಂದಾ ಇನ್ಶೂರೆನ್ಸ್, ಇಲ್ಲದಿದ್ರೆ ಸೈಟು. ಮೊದಲು ಆಟ ಆಡಿಸುದು, ಮತ್ತೆ ನಂಬರ್ ತೆಕ್ಕೊಳ್ಳುದು." ಅವರು ಒಮ್ಮೆ ಹೀಗೇ ಒಬ್ಬರ ಚಹಾ ಕುಡಿದು ಸಿಕ್ಕಿಹಾಕಿಕೊಂಡವರು. ಅಂದಿನಿಂದ ಕಾರಣವಿಲ್ಲದೆ ನಕ್ಕವರನ್ನೆಲ್ಲ ಅನುಮಾನಿಸುತ್ತಾರೆ.

ಶುಕ್ರವಾರ ಅಮ್ಮ ಹಾಲ್‌ನಲ್ಲಿ ಮುಂದಿನ ಸಾಲು ಹಿಡಿದಳು. ನಿರೂಪಕರು ಬಂದಾಗ ಮೊದಲು ನನಗೆ ಗುರುತು ಸಿಗಲಿಲ್ಲ. ತಲೆ ಪೂರ್ತಿ ಬೋಳು. ಬೆನ್ನು ಸ್ವಲ್ಪ ಬಾಗಿತ್ತು. "ಇದು ಅವನೇ ಅಲ್ಲ" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. "ಆ ಫೋಟೊ ಹಳೆಯದ್ದು ಹಾಕಿ ಯಾರನ್ನೋ ಕರ್ಕೊಂಡು ಬಂದಿದ್ದಾರೆ." ಅಷ್ಟರಲ್ಲಿ ಅವರು ಮೈಕ್ ಹಿಡಿದು, ಊಟದ ಸಾಲಿನಲ್ಲಿ ಇನ್ನೂ ನಿಂತಿದ್ದವರಿಗೆ, "ಅವಸರ ಇಲ್ಲ, ಅವಸರ ಇಲ್ಲ, ಪಾಯಸ ಮುಗಿಸಿಕೊಂಡೇ ಬನ್ನಿ" ಎಂದರು. ನನ್ನ ಮೈ ಜುಮ್ಮೆಂದಿತು. ಧ್ವನಿ ಅದೇ. ಒಂದಿಷ್ಟೂ ಮುಕ್ಕಾಗಿರಲಿಲ್ಲ. ನಾನು ಪಕ್ಕಕ್ಕೆ ನೋಡಿದೆ. ಅಮ್ಮನ ತುಟಿ ಬಿಗಿದಿತ್ತು.

ಆಟಗಳು ನಡೆದವು. ನನ್ನಂಥ ನಡುವಯಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಅವರ ಕಾರ್ಯಕ್ರಮ ನೋಡುತ್ತಾ ಬೆಳೆದದ್ದನ್ನು ಹೇಳಿದರು. ಪಕ್ಕದ ಸತ್ವಾ ಬಡಾವಣೆಯಿಂದ ಬಂದಿದ್ದ ಒಬ್ಬಾಕೆ ಅತ್ತೇಬಿಟ್ಟಳು. ಅವರು ಮೈಕ್ ಹಿಡಿದು ಸಾಲಿನಿಂದ ಸಾಲಿಗೆ ಬರುತ್ತಾ ಅಮ್ಮನ ಮುಂದೆ ನಿಂತು, "ನೀವಮ್ಮಾ? ನೀವೂ ನೋಡ್ತಿದ್ರಾ?" ಎಂದರು.

ಅಮ್ಮ ಎದ್ದು ನಿಂತಳು. "ನೋಡಿದ್ದು ಮಾತ್ರ ಅಲ್ಲ, ಬಂದಿದ್ದೆ. ಕೊನೆಯ ಸುತ್ತಿನವರೆಗೆ ಬಂದಿದ್ದೆ. ನನ್ನ ಉತ್ತರ ಸರಿ ಇತ್ತು. ನೀವು ತಪ್ಪು ಅಂದ್ರಿ."

ಹಾಲ್‌ನಲ್ಲಿ ನಗು ಎದ್ದಿತು. ನಾನು ಅವಳ ಸೆರಗು ಜಗ್ಗಿದೆ. ಅವರು ಮಾತ್ರ ನಗಲಿಲ್ಲ. ಒಂದು ಕ್ಷಣ ಅಮ್ಮನ ಮುಖ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ನೆನಪಿದೆ ಅಮ್ಮಾ" ಎಂದರು. "ಚೆನ್ನಾಗಿ ನೆನಪಿದೆ. ನಿಮ್ಮ ಉತ್ತರ ಸರಿಯಾಗೇ ಇತ್ತು. ಇವತ್ತು ಎಲ್ಲರ ಮುಂದೆ ಹೇಳ್ತಿದೀನಿ."

ಚಪ್ಪಾಳೆ ಬಿತ್ತು. ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಅಮ್ಮ ಕಾದದ್ದು ಈ ಒಂದು ಮಾತಿಗೇ ಅಲ್ಲವೇ?

"ಹೌದಾ?" ಅಮ್ಮ ಮೈಕಿಗೆ ಇನ್ನೂ ಹತ್ತಿರ ಬಂದಳು. "ಹಾಗಾದ್ರೆ ಯಾವ ಪ್ರಶ್ನೆ ಅದು? ಹೇಳಿ."

ಅವರು ಎಂದಿನ ನಗು ನಕ್ಕರು. "ಅದೇ ಅಮ್ಮಾ... ನದಿಯ ಪ್ರಶ್ನೆ ಅಲ್ವಾ? ನದಿ ಎಲ್ಲಿ ಹುಟ್ಟುತ್ತೆ ಅಂತ..."

ಅಮ್ಮ ಕೂತುಬಿಟ್ಟಳು.

ಚಹಾದ ಮೇಜಿನ ಹತ್ತಿರ ಅವರೇ ನಮ್ಮನ್ನು ಹುಡುಕಿಕೊಂಡು ಬಂದರು. ಮೈಕಿಲ್ಲದೆ ಅವರ ಮಾತು ಸಣ್ಣಗೆ ಕೇಳುತ್ತಿತ್ತು. "ನದಿಯ ಪ್ರಶ್ನೆ ಅಲ್ಲ, ಅಲ್ವಾ ಅಮ್ಮಾ?"

"ಅಲ್ಲ."

"ಯಾವುದು?"

"ನಿಮಗೆ ಚೆನ್ನಾಗಿ ನೆನಪುಂಟಲ್ಲ" ಎಂದು ಅಮ್ಮ ಚಹಾದ ಲೋಟ ಇಟ್ಟು ಹೊರಟಳು. ಅವರು ನನ್ನ ಕಡೆ ತಿರುಗಿ ಫೋನ್ ನಂಬರ್ ಕೇಳಿದರು. ಕೊಡದಿರಲು ಆಗಲಿಲ್ಲ. ದೂರದಿಂದ ನನ್ನ ಗಂಡ ನೋಡಿದರು. 'ನಾನು ಹೇಳ್ಲಿಲ್ವಾ' ಎನ್ನುವ ನೋಟ.

ಆ ವಾರವೆಲ್ಲ ಅಮ್ಮ ಸರಿಯಿರಲಿಲ್ಲ. ಮಧ್ಯಾಹ್ನ ಟಿವಿ ಹಾಕಿದರೂ ನೋಡುತ್ತಿರಲಿಲ್ಲ. ಎರಡನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ಬಂದು, "ಅಜ್ಜಿ, ವೈ ಆರ್ ಯು ಸ್ಯಾಡ್?" ಎಂದು ಕೇಳಿದಳು. "ಸ್ಯಾಡ್ ಅಲ್ಲ ಮಗಾ, ಎಂತದೋ ಆಲೋಚನೆ" ಎಂದಳು ಅಮ್ಮ. ನನಗೆ ಒಂದು ಸಂಜೆ ಹೇಳಿದಳು: "ತಪ್ಪು ಅಂದಾಗ ಮೋಸ ಮಾಡಿದ ಅಂತ ಗೊತ್ತಿತ್ತು. ಈಗ ಸರಿ ಅಂದಾಗಲೂ ಮೋಸವೇ ಮಾಡಿದ. ಹಾಗಾದ್ರೆ ನಿಜ ಯಾವಾಗ ಹೇಳಿದ್ದು ಅವ?"

ನನಗೂ ಹೊಸದಾಗಿ ಅನುಮಾನ ಹತ್ತಿತ್ತು. ಎದೆಯ ಮೇಲೆ ಕೈಯಿಟ್ಟು 'ನೆನಪಿದೆ' ಎಂದ ಆ ಬಗೆ ಎಷ್ಟು ಚೆಂದವಿತ್ತು! ಹಾಗಾದರೆ 'ಅವಸರ ಯಾಕಮ್ಮಾ' ಎನ್ನುತ್ತಿದ್ದದ್ದೂ ಅದೇ ಜಾತಿಯದ್ದೇ?

ವಾರ ಕಳೆದು ಅವರ ಫೋನ್ ಬಂತು. ನಾವು ಅಬುಧಾಬಿಯ ಕಡೆ ಬಂದರೆ ಮಗಳ ಮನೆಗೆ ಬರಬೇಕಂತೆ, ಅಮ್ಮನನ್ನು ಕರೆದುಕೊಂಡೇ ಬರಬೇಕಂತೆ. "ಸೈಟೇ" ಎಂದರು ನನ್ನ ಗಂಡ. "ಮೈಸೂರಲ್ಲಿ, ರಿಂಗ್ ರೋಡ್ ಹತ್ರ." ಹೋಗುವುದು ಬೇಡವೆಂದು ನಾನೂ ಹೇಳಿದೆ. ಅಮ್ಮ ಮಾತ್ರ, "ಹೋಗುವ" ಎಂದಳು. "ಯಾಕೆ ಕರೀತಾನೆ ಅಂತ ನೋಡ್ಬೇಕು."

ಹೊರಡುವ ದಿನ ಬೆಳಿಗ್ಗೆ ಅವಳೊಬ್ಬಳೇ ಕೆಳಗಿಳಿದು ಮಲಯಾಳಿಯ ತರಕಾರಿ ಅಂಗಡಿಗೆ ಹೋಗಿ ಏನೋ ತಂದಳು. ಬಟ್ಟೆಯ ಚೀಲದಲ್ಲಿ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಏನೆಂದು ಕೇಳಿದರೆ, "ಬರಿಗೈಯಲ್ಲಿ ಹೋಗ್ಲಿಕ್ಕೆ ಆಗ್ತದಾ?" ಎಂದಳು.

ಮನೆ ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ, ಲಿಫ್ಟಿನಲ್ಲಿ ಕಿವಿ ಕಟ್ಟಿಕೊಳ್ಳುವಷ್ಟು ಮೇಲೆ. ಗಾಜಿನ ಗೋಡೆಯಾಚೆ ಸಮುದ್ರ. ಅವರ ಮಗಳು ಕಾಫಿ ಕೊಟ್ಟು, "ಅಪ್ಪನ ಪ್ರೋಗ್ರಾಂ ನೀವು ನೋಡ್ತಿದ್ರಂತೆ. ನಾನಾಗ ಹಾಸ್ಟೆಲ್‌ನಲ್ಲಿದ್ದೆ, ಒಂದೂ ನೋಡಿಲ್ಲ" ಎಂದು ಹೇಳಿ ಒಳಗೆ ಹೋದಳು. ಗೋಡೆಯ ಮೇಲೆ ಎಲ್ಲೂ ಅವರ ಹಳೆಯ ಫೋಟೊ ಇರಲಿಲ್ಲ. ಟಿವಿಯ ಮುಂದೆ ಒಂದು ಕುರ್ಚಿ, ಅದರ ಮೇಲೆ ಮಡಿಸಿದ ಶಾಲು. ದಿನವಿಡೀ ಅಲ್ಲೇ ಕೂರುತ್ತಾರೆಂದು ಕಾಣುತ್ತಿತ್ತು. ನನ್ನ ಗಂಡ ಮೇಜಿನ ಮೇಲೆ ಸೈಟಿನ ಕಾಗದಗಳೇನಾದರೂ ಇವೆಯೇ ಎಂದು ಕಣ್ಣಾಡಿಸಿದರು. ಬಿಸ್ಕತ್ತಿನ ತಟ್ಟೆ ಬಿಟ್ಟರೆ ಏನೂ ಇರಲಿಲ್ಲ.

"ನಿಮ್ಮನ್ನ ಯಾಕೆ ಕರೆಸಿದೆ ಅಂದ್ರೆ" ಎಂದು ಅವರು ಶುರುಮಾಡಿದರು. ಕೈಗಳನ್ನು ಮೊಣಕಾಲಿನ ನಡುವೆ ಸೇರಿಸಿಕೊಂಡಿದ್ದರು. "ನನಗೆ ನೀವು ನೆನಪಿಲ್ಲ ಅಮ್ಮಾ. ಅವತ್ತು ಸುಳ್ಳು ಹೇಳ್ದೆ. ದಿನಕ್ಕೆ ಮೂರು ನಾಲ್ಕು ಶೂಟಿಂಗ್ ಇರ್ತಿತ್ತು, ಎಷ್ಟೋ ಸಾವಿರ ಜನ ಬಂದು ಹೋದ್ರು. ಆದ್ರೆ ಎಲ್ಲಿ ಹೋದ್ರೂ ಒಬ್ಬರು ಸಿಗ್ತಾರೆ, ನನ್ನ ಉತ್ತರ ಸರಿ ಇತ್ತು ಅಂತಾರೆ. ಹೌದು, ನೆನಪಿದೆ ಅಂತೀನಿ. ಖುಷಿಯಾಗಿ ಹೋಗ್ತಾರೆ. ಯಾವ ಪ್ರಶ್ನೆ ಅಂತ ತಿರುಗಿ ಕೇಳಿದ್ದು ನೀವೊಬ್ಬರೇ. ಅವತ್ತಿಂದ ಸರಿಯಾಗಿ ನಿದ್ದೆ ಬಂದಿಲ್ಲ."

ಅಮ್ಮ ಚೀಲ ಬಿಚ್ಚಿದಳು. ಒಂದು ಕಟ್ಟು ಸೊಪ್ಪು ತೆಗೆದು ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದೆಂತದು ಹೇಳಿ."

ಅವರು ಕೈಗೆತ್ತಿಕೊಂಡು ನೋಡಿದರು. "ಇದು ದಂಟಿನ ಸೊಪ್ಪಲ್ವಾ?"

"ನಮ್ಮ ಕಡೆ ಇದಕ್ಕೆ ಹರಿವೆ ಹೇಳುದು. ಹುಟ್ಟಿದಾಗಿನಿಂದ ನಾನು ಹರಿವೆ ಅಂತಲೇ ತಿಂದದ್ದು. ಅವತ್ತು ಕಣ್ಣಿಗೆ ಬಟ್ಟೆ ಕಟ್ಟಿ ಕೊಟ್ರಿ. ಹರಿವೆ ಅಂದೆ. ತಪ್ಪು ಅಂದ್ರಿ."

ಅವರು ಸೊಪ್ಪನ್ನು ಕೆಳಗಿಡಲೇ ಇಲ್ಲ. "ಹರಿವೆ ಅಂದ್ರೆ ದಂಟೇನಾ?" ಎಂದು ನನ್ನನ್ನೂ ನನ್ನ ಗಂಡನನ್ನೂ ನೋಡಿದರು. ನಾವು ಹೌದೆಂದು ತಲೆಯಾಡಿಸಿದೆವು. "ನನಗೆ ಗೊತ್ತೇ ಇರ್ಲಿಲ್ಲ ಅಮ್ಮಾ. ನನ್ನ ಕೈಲಿದ್ದ ಕಾರ್ಡಲ್ಲಿ ದಂಟು ಅಂತ ಇದ್ದಿರುತ್ತೆ. ಮೇಲೆ ಕಂಟ್ರೋಲ್ ರೂಮಲ್ಲಿ ಕೂತವರಲ್ಲೂ ನಿಮ್ಮ ಕಡೆಯವರು ಯಾರೂ ಇದ್ದಿರಲ್ಲ."

"ನಾನು ಅಷ್ಟು ಹೊತ್ತು ಹೇಳಿದೆ. ಕೇಳಿ ನೋಡಿ ಅಂತ."

"ಹೇಳಿರ್ತೀರಿ. ಅಂಥದ್ದನ್ನೆಲ್ಲ ಕತ್ತರಿಸ್ತಿದ್ರು."

"ಆ ಬೆಂಗಳೂರಿನ ಹೆಂಗಸಿನ ಹತ್ರ ಮೊದಲೇ ಎಂತ ಮಾತಾಡಿದ್ರಿ? ಮೇಕಪ್ ಮಾಡುವಲ್ಲಿ?"

ನನಗೆ ನೆಲದೊಳಗೆ ಇಳಿದುಹೋದರೆ ಸಾಕು ಅನ್ನಿಸಿತು. ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. "ಎಲ್ಲರ ಹತ್ರಾನೂ ಮಾತಾಡ್ತಿದ್ದೆ. ಹೆದರಿಕೆ ಹೋಗ್ಲಿ ಅಂತ. ನಿಮ್ಮ ಹತ್ರ ಬಂದಿರ್ಲಿಲ್ವಾ?"

ಅಮ್ಮ ಖಾಲಿ ಚೀಲವನ್ನು ಮಡಚಿದಳು. "ಬಂದಿದ್ರಿ" ಎಂದಳು ಕೊನೆಗೆ. "ಬಸ್ಸಲ್ಲಿ ನಿದ್ದೆ ಬಂತಾ ಕೇಳಿದ್ರಿ." ಈ ಮಾತನ್ನು ಇಷ್ಟು ವರ್ಷದಲ್ಲಿ ಅವಳು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಅಲ್ಲಿಗೆ ಎಲ್ಲ ಮುಗಿಯಿತೆಂದು ನಾನು ಉಸಿರುಬಿಟ್ಟೆ. ಆದರೆ ಅವರು ಮಾತು ಮುಂದುವರಿಸಿದರು. ಧ್ವನಿ ಇನ್ನೂ ತಗ್ಗಿತ್ತು. "ಇನ್ನೊಂದು ಹೇಳ್ಬೇಕು. ಇವತ್ತಾದ್ರೂ ಪೂರ್ತಿ ಹೇಳ್ತೀನಿ. ಕೆಲವು ಸಲ ಮೇಲಿಂದ ಇಯರ್‌ಫೋನಲ್ಲಿ ಕಿವಿಗೆ ಹೇಳ್ತಿದ್ರು, ಇವತ್ತು ಇಂಥವರು ಗೆಲ್ಲಲಿ ಅಂತ. ಯಾವಾಗಲೂ ಅಲ್ಲ. ಕೆಲವು ಸಲ. ನಾನು ಅದರಂತೆ ಮಾಡ್ತಿದ್ದೆ. ನಿಮ್ಮ ದಿನ ಹಾಗೆ ಆಯ್ತಾ, ಇಲ್ಲ ಬರೀ ಆ ಕಾರ್ಡಿಂದಾನಾ, ನನಗೆ ಗೊತ್ತಿಲ್ಲ. ಆಗಿಲ್ಲ ಅಂತ ನಿಮಗೆ ಹೇಳಬಹುದು. ನೆನಪಿಲ್ದೆ ಹೇಗೆ ಹೇಳ್ಲಿ?"

ನನ್ನ ಗಂಡ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟರು. ಅದರ ಸದ್ದು ಜೋರಾಗಿ ಕೇಳಿತು. ಕಾಲೇಜಿನಿಂದ ಓಡೋಡಿ ಬಂದು ನೋಡಿದ ಮಧ್ಯಾಹ್ನಗಳು, ಗೆದ್ದವರ ಜೊತೆ ನಾನೂ ಕುಣಿದದ್ದು, ಸೋತವರಿಗಾಗಿ ಅತ್ತದ್ದು. ಯಾವುದು ಆಟ, ಯಾವುದು ಮೊದಲೇ ಮಾತಾಡಿಕೊಂಡದ್ದು?

ಅಮ್ಮ ಮಾತ್ರ ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ. "ಸರಿ" ಎಂದಳು. "ಈಗ ನಿಮ್ಮನ್ನು ನಂಬ್ತೇನೆ." ಆಮೇಲೆ ಸೊಪ್ಪಿನ ಕಡೆ ಕೈ ತೋರಿಸಿ, ಅದನ್ನು ಬೇಳೆಗೆ ಹಾಕುವುದಕ್ಕಿಂತ ತೆಂಗಿನಕಾಯಿ ಅರೆದು ಹುಳಿ ಮಾಡಿದರೆ ಒಳ್ಳೆಯದೆಂದೂ, ಕಾಂಡವನ್ನು ಬಿಸಾಡಬಾರದೆಂದೂ ಹೇಳತೊಡಗಿದಳು. ಅವರು ಮಗಳನ್ನು ಕರೆದು ಕೇಳಿಸಿಕೊಳ್ಳಲು ಹೇಳಿದರು. ಮತ್ತೆ ಅರ್ಧ ಗಂಟೆ ಇಬ್ಬರೂ ಹಳೆಯ ಪರಿಚಿತರ ಹಾಗೆ ಹರಟಿದರು. ಎತ್ತರದ ಮನೆಯಲ್ಲಿ ಹಗಲು ಮುಗಿಯುವುದೇ ಇಲ್ಲವೆಂದು ಅವರು, ಕೆಳಗಿಳಿದರೆ ರಸ್ತೆ ದಾಟಲು ಹೆದರಿಕೆಯೆಂದು ಅಮ್ಮ.

ವಾಪಸು ಬರುವಾಗ ಅಮ್ಮ ಕಾರಿನಲ್ಲಿ ನಿದ್ದೆ ಹೋದಳು. "ಸೈಟ್ ಸುದ್ದಿಯೇ ತೆಗೀಲಿಲ್ಲ" ಎಂದರು ನನ್ನ ಗಂಡ, ಸ್ವಲ್ಪ ನಿರಾಶೆಯಾದವರ ಹಾಗೆ. "ಮುಂದಿನ ಸಲ ತೆಗೀಬಹುದು." ಅಮ್ಮನಿಗೆ ಇಳಿದ ಭಾರ ನನ್ನ ತಲೆಗೆ ಹತ್ತಿದ ಹಾಗಿತ್ತು.

ಅವರು ಸೈಟಿನ ಸುದ್ದಿ ಎಂದೂ ತೆಗೆಯಲಿಲ್ಲ. ಅಮ್ಮ ಊರಿಗೆ ಹೋಗುವ ಮೊದಲು ನನ್ನ ಮಗಳ ಹುಟ್ಟುಹಬ್ಬಕ್ಕೆ ಅಮ್ಮನೇ ಅವರನ್ನು ಕರೆಸಿದಳು. ಅಬುಧಾಬಿಯಿಂದ ಬಸ್ಸಿನಲ್ಲಿ ಬಂದರು. ನಮ್ಮ ಸಣ್ಣ ಹಾಲ್‌ನಲ್ಲಿ ಮಕ್ಕಳನ್ನು ಸುತ್ತ ಕೂರಿಸಿ ಪೊಟ್ಟಣ ದಾಟಿಸುವ ಆಟ ಶುರುಮಾಡಿದರು. ಅವರ ಫೋನಿನಲ್ಲಿ ಸಂಗೀತ; ಅದನ್ನು ಅವರು ಪೊಟ್ಟಣದ ಕಡೆ ನೋಡದೆ ನಿಲ್ಲಿಸಬೇಕು. ಅದು ನಿಂತಾಗ ಪೊಟ್ಟಣ ಯಾರ ಕೈಯಲ್ಲಿದೆಯೋ ಅವರು ಒಂದು ಪದರ ಬಿಚ್ಚಿ ಒಳಗಿನ ಚಾಕಲೇಟ್ ತೆಗೆದುಕೊಳ್ಳಬೇಕು. ಮಕ್ಕಳಿಗೆ ಅವರು ಯಾರೆಂದು ಗೊತ್ತಿರಲಿಲ್ಲ. "ಅಂಕಲ್, ಫಾಸ್ಟರ್, ಫಾಸ್ಟರ್!" ಎಂದು ಕಿರುಚುತ್ತಿದ್ದವು.

ಮೂಲೆಯಲ್ಲಿ ಎದುರು ಫ್ಲಾಟಿನ ಪುಟ್ಟ ಹುಡುಗಿಯೊಬ್ಬಳು ಕೂತಿದ್ದಳು. ಹೊಸದಾಗಿ ಬಂದವಳು, ಯಾರೊಡನೆಯೂ ಮಾತಿಲ್ಲ. ಪೊಟ್ಟಣ ಅವಳ ಕೈಗೆ ಬಂದಾಗ ಸಂಗೀತ ನಿಂತಿತು. ಅವಳು ನಕ್ಕಳು. ಸ್ವಲ್ಪ ಹೊತ್ತಿನಲ್ಲಿ ಮತ್ತೊಮ್ಮೆ ಅವಳ ಕೈಯಲ್ಲೇ ನಿಂತಿತು.

ಅಡುಗೆಮನೆಯ ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದ ಅಮ್ಮ ಮೊಣಕೈಯಿಂದ ತಿವಿದಳು. "ಕಂಡ್ಯಾ?"

"ಕಂಡೆ" ಎಂದೆ. ಅವರು ಪೊಟ್ಟಣವನ್ನು ನೋಡುತ್ತಲೇ ಹೆಬ್ಬೆರಳಿನಿಂದ ಫೋನನ್ನು ಒತ್ತಿದ್ದನ್ನು ಇಬ್ಬರೂ ನೋಡಿದ್ದೆವು. ಅದು ಒಳ್ಳೆಯತನವೋ ಹಳೆಯ ಕಸುಬಿನ ಚಾಳಿಯೋ, ನನಗೆ ಈಗಲೂ ಹೇಳಲು ಬರುವುದಿಲ್ಲ.

"ಈ ಸಲ ನಾನೂ ಕೂತ್ಕೊಳ್ತೇನೆ" ಎಂದು ಅಮ್ಮ ಕುರ್ಚಿ ಎಳೆದುಕೊಂಡು ಮಕ್ಕಳ ನಡುವೆ ಸೇರಿಕೊಂಡಳು. ಅವರು ಜೋರಾಗಿ ನಕ್ಕು, "ಬನ್ನಿ ಅಮ್ಮಾ, ಬನ್ನಿ" ಎಂದರು. ಸಂಗೀತ ಶುರುವಾಯಿತು. ಪೊಟ್ಟಣ ಕೈಯಿಂದ ಕೈಗೆ ಹೋಗತೊಡಗಿತು. ಅಮ್ಮ ಅದರ ಕಡೆ ನೋಡಲೇ ಇಲ್ಲ. ಬಂದದ್ದನ್ನು ತಡಕಿ ಪಕ್ಕದವರಿಗೆ ದಾಟಿಸುತ್ತಾ, ಕಣ್ಣೆವೆ ಮಿಟುಕಿಸದೆ ಅವರ ಹೆಬ್ಬೆರಳನ್ನೇ ನೋಡುತ್ತಾ ಕೂತಳು.